ಎಂಜಿನ್ ಮುಂದೆ ಕಟ್ಟಿದ ಪಂಥ

ಎರಡನೇ ಮಹಾಯುದ್ಧ ಮುಗಿದ ವರ್ಷ, ಆಯುಧಪೂಜೆಯ ಮರುದಿನ. ಕೆಲಮಂಗಲದ ನಮ್ಮ ತೋಟದಲ್ಲಿ ನೀರೆತ್ತುವ ಎಂಜಿನ್ ಎಷ್ಟು ತಿರುವಿದರೂ ಓಡಲೊಲ್ಲದು. ಕೈಗಾರಿಕಾ ಶಾಲೆ ಮುಗಿಸಿದ್ದ ತಮ್ಮ ಮುನಿರಾಜು ಇನ್ನೆರಡು ವರ್ಷ ಮೇಲಿನ ತರಬೇತಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದ. ನಾನು ಸುಮ್ಮನೆ ಒಪ್ಪುವವನೇ?

"ಇದನ್ನ ಓಡ್ಸು, ಆಮೇಲೆ ಹೋಗೀವಂತೆ. ಇಲ್ದಿದ್ರೆ ನೇಗ್ಲು ಹಿಡಿ ಕಣ್ಲಾ" ಎಂದೆ.

ಅವನು ಎಂಜಿನ್ನಿನ ಗಾಳಿಕಿಂಡಿಗೆ ಬೆರಳು ಹಾಕಿದವನೇ ಬಿದ್ದು ಬಿದ್ದು ನಕ್ಕ. "ಅಣ್ಣಾ, ಇದ್ರ ಮೂಗ್ನೊಳಕ್ಕೇ ಅರಿಶಿನ ಕುಂಕುಮ ಮೆತ್ತಿದ್ದೀಯಲ್ಲಾ! ಉಸ್ರಾಡೋದು ಹೆಂಗೆ?"

ಪೂಜೆ ಮಾಡಿದವನು ನಾನೇ! ಅವನು ಒರೆಸಿ ತಿರುವಿದ. ಎಂಜಿನ್ ಗುಡುಗಿತು, ನೀರು ಚಿಮ್ಮಿತು, ನಾನು ಕಾಲುವೆಯಲ್ಲೇ ಕುಣಿದುಬಿಟ್ಟೆ.

ಪಂಥದಲ್ಲಿ ಸೋತು ಇಷ್ಟು ಹಿಗ್ಗಿದ್ದು ಅದೇ ಮೊದಲು. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಮೇಲಿನ ತರಬೇತಿಗೆ ಕಳಿಸಿಬಿಡಿ. ನನ್ನ ಹಾಗೆ ಸೋಲುವವರೆಗೆ ಕಾಯಬೇಡಿ.