ಮಗಳು ಅಪ್ಪನಾದ ಆಟ

ಕಳೆದ ವಾರ ಕುಬಿಹಾಳದ ಅಂಗನವಾಡಿಯಲ್ಲಿ ಒಬ್ಬ ತಂದೆ ಎದ್ದು ನಿಂತು, ‘ನನ್ನ ಮಗಳು ನನಗ ಹೊಡದ್ಲ್ರಿ’ ಎಂದ. ಕುಳಿತಿದ್ದ ಹೆಂಗಸರೆಲ್ಲ ನಕ್ಕರು. ಅವನು ನಗಲಿಲ್ಲ.

ಹೆಸರು ಈರಣ್ಣ. ಮೂವತ್ತರ ಆಸುಪಾಸು. ಕುಬಿಹಾಳದಿಂದ ಕುಂದಗೋಳಕ್ಕೆ ಟಂಟಂ ಆಟೊ ಓಡಿಸುತ್ತಾನೆ. ಮಗಳು ಪಲ್ಲವಿಗೆ ನಾಲ್ಕು ವರ್ಷ.

ನಾನು ಅಲ್ಲಿಗೆ ಹೋಗಿದ್ದು ಹಸೀನಾ ಕರೆದಳೆಂದು. ಅವಳು ಅಲ್ಲಿನ ಅಂಗನವಾಡಿ ಟೀಚರ್. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಸಂಸ್ಥೆಯೊಂದು ಅವಳಿಗೆ ತರಬೇತಿ ಕೊಟ್ಟಿದೆ. ವಾರಕ್ಕೊಮ್ಮೆ ತಂದೆ-ತಾಯಂದಿರನ್ನು ಕೂಡಿಸಿ, ಹೊಡೆಯದೆ, ಹೆದರಿಸದೆ ಮಕ್ಕಳನ್ನು ಬೆಳೆಸುವುದು ಹೇಗೆಂದು ಹೇಳಿಕೊಡುತ್ತಾಳೆ. (ಇದಕ್ಕೂ ಕ್ಲಾಸ್ ಬೇಕೇ ಎಂದು ನಾನೂ ಮೂಗು ಮುರಿದವಳೇ.)

ಈರಣ್ಣ ಅದಕ್ಕೂ ಹಿಂದಿನ ವಾರ ಮೊದಲ ಸಲ ಬಂದಿದ್ದು ಹೆಂಡತಿ ತವರಿಗೆ ಹೋಗಿದ್ದಳೆಂದು. ಬಂದವನು ವಾದಕ್ಕೆ ನಿಂತನಂತೆ. ‘ನಮ್ಮಪ್ಪ ನಮಗ ಬಾರಿಸಿದ್ದಕ್ಕ ನಾವು ದಾರಿಗೆ ಬಂದೀವ್ರಿ.’

ಹಸೀನಾ ವಾದ ಬೆಳೆಸಲಿಲ್ಲ. ‘ಆತ್ರಿ ಅಣ್ಣಾರ. ದಿನಾ ಹತ್ತು ನಿಮಿಷ ಮಗಳ ಜೋಡಿ ಆಡ್ರಿ. ಯಾವ ಆಟ ಅಂತ ಆಕೀನ ಹೇಳ್ಬೇಕು. ಮೊಬೈಲ್ ಬಾಜೂಕ ಇಡ್ರಿ. ಒಂದ ವಾರ ಮಾಡಿ, ಬಂದು ಹೇಳ್ರಿ’ ಎಂದಳಂತೆ.

ಹತ್ತು ನಿಮಿಷ. ಅದೇನು ಮಹಾ? ಈರಣ್ಣನೂ ಹಾಗೇ ಅಂದುಕೊಂಡಿದ್ದ.

‘ಮೊದಲ ದಿನ ಆಕಿ ಆಡಲೇ ಇಲ್ರಿ. ಗ್ವಾಡಿಗೆ ಬೆನ್ನ ಹಚ್ಚಿ ಕುಂತ್ಲು. ನಾ ಕೈ ಚಾಚಿದ್ರ ಮಾರಿ ಮುಚ್ಕೊಂಡ್ಲು, ಹೊಡೀತೀನಿ ಅಂತ.’

ಎರಡನೆಯ ದಿನವೂ ಅಷ್ಟೆ. ಮೂರನೆಯ ದಿನ ಒಂದು ತಾಟು ತಂದು ಅವನ ಮುಂದಿಟ್ಟು ಓಡಿಹೋದಳಂತೆ. ಐದನೆಯ ದಿನ ಎದುರಿಗೇ ಕುಳಿತು, ‘ನಾ ಅಪ್ಪ, ನೀ ಪಲ್ಲವಿ’ ಎಂದಳಂತೆ. ಅವನು ಪಲ್ಲವಿಯಾಗಿ ಸುಳ್ಳುಸುಳ್ಳೇ ಊಟ ಮಾಡಿದ. ಸುಳ್ಳುಸುಳ್ಳೇ ನೀರು ಚೆಲ್ಲಿದ.

‘ಕಪಾಳಕ್ಕ ಕೊಟ್ಲ್ರಿ. ಸಣ್ಣ ಕೈ, ನೋವಾಗಲಿಲ್ಲ. ಆದ್ರ ಹಲ್ಲು ಕಚ್ಚಿ, “ಕಣ್ಣ ಕಾಣಂಗಿಲ್ಲೇನ ನಿನಗ” ಅಂದ್ಲು. ಅದು ನನ್ನ ದನಿ. ನನ್ನ ಮಾರಿ. ನಾ ಆಕಿಗೆ ಹಿಂಗ ಕಾಣ್ತೀನೇನು ಅಂತ...’

ಈಗ ಯಾರೂ ನಗಲಿಲ್ಲ.

‘ಆಮ್ಯಾಲೆ ನೀವೇನ್ ಮಾಡಿದ್ರಿ ಅಣ್ಣಾರ?’ ಎಂದು ಹಸೀನಾ ಕೇಳಿದಳು.

‘ಆಟ ಬಿಡಲಿಲ್ರಿ. “ಅಪ್ಪಾ, ನನಗ ಅಂಜಿಕಿ ಬರತೈತಿ” ಅಂದೆ. ಆಕಿ ನನ್ನ ನೋಡಕೋತ ಕುಂತ್ಲು. ಆಮ್ಯಾಲೆ ತನ್ನ ಲಂಗದಲೇ ನೆಲಾ ಒರಸಿ, “ಇರ್ಲಿ ಬಿಡು, ಬರೇ ನೀರ ಅಲ್ಲೇನು” ಅಂದ್ಲು.’

ಅವನೇ ಸೇರಿಸಿದ: ‘ಸಿಟ್ಟು ಇನ್ನೂ ಬರತೈತ್ರಿ. ನಿನ್ನಿ ಒಮ್ಮೆ ಕೈ ಎತ್ತಿದೆ. ಹಂಗ ಇಳಿಸಿದೆ.’

ನಾನು ಇಪ್ಪತ್ತೆಂಟು ವರ್ಷ ಪಾಠ ಮಾಡಿದವಳು. ಬಿ.ಇಡಿ. ಓದಿದವಳು. ಬೆತ್ತವನ್ನೂ ಹಿಡಿದವಳು. ಹಸೀನಾ ಚಹಾ ಕೊಡಲು ಬಂದಾಗ ಮೆಲ್ಲಗೆ ಕೇಳಿದೆ, ‘ಸಾಲ್ಯಾಗ ನಾ ನಿನಗ ಯಾಕ ಹೊಡದಿದ್ದೆ?’

‘ನೆನಪಿಲ್ರಿ ಅಕ್ಕಾರ. ಹೊಡದಿದ್ದಷ್ಟ ನೆನಪೈತಿ’ ಎಂದಳು. ಮುನಿಸೇನೂ ಇರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಹೊಸ ಬೀಜ ಬಂದರೆ ಇಲಾಖೆಯವರು ಹೊಲಕ್ಕೇ ಬಂದು ಬಿತ್ತುವುದು ಹೇಗೆಂದು ಹೇಳುತ್ತಾರೆ. ಕೂಸಿನ ಲಸಿಕೆಗೆ, ತೂಕಕ್ಕೆ, ಮೊಟ್ಟೆಗೆ ರಿಜಿಸ್ಟರ್ ಇದೆ. ಆ ಕೂಸು ನೀರು ಚೆಲ್ಲಿದಾಗ ಏನು ಮಾಡಬೇಕೆಂದು ನಮಗೆ ಯಾರು ಹೇಳಿಕೊಟ್ಟರು? ಪೆಟ್ಟು ತಿಂದವರು ಪೆಟ್ಟನ್ನೇ ಕಲಿತೆವು.

ಇಂಥ ತರಬೇತಿ ಬಡ ದೇಶಗಳ ಮನೆಗಳಲ್ಲೂ ಫಲ ಕೊಡುತ್ತದೆಂದು ಬಲ್ಲವರು ಪರೀಕ್ಷೆ ಮಾಡಿಯೇ ಹೇಳಿದ್ದಾರೆ. ಕಟ್ಟಡ ಬೇಡ, ಮಷೀನ್ ಬೇಡ. ಒಂದು ಜಮಖಾನ, ತರಬೇತಿ ಪಡೆದ ಒಬ್ಬ ಟೀಚರ್, ಆಕೆಗೆ ಅದಕ್ಕೆಂದೇ ಬಿಡುವು. ಆ ಬಿಡುವೇ ಕಷ್ಟ. ಸರ್ವೆಗೆ ಹಸೀನಾ, ಚುನಾವಣೆಗೆ ಹಸೀನಾ, ಆ್ಯಪ್‌ನಲ್ಲಿ ಫೋಟೊ ಹಾಕಲಿಕ್ಕೂ ಹಸೀನಾ. ಪಕ್ಕದ ಊರುಗಳಲ್ಲಿ ಈ ಕ್ಲಾಸ್ ಇಲ್ಲವೇ ಇಲ್ಲ.

ಇಲ್ಲಿಯೂ ಬಹಳ ದಿನ ಇರುವುದಿಲ್ಲ. ಸಂಸ್ಥೆಯ ಪ್ರಾಜೆಕ್ಟ್ ಮಾರ್ಚಿಗೆ ಮುಗಿಯುತ್ತದೆಂದು ಎಲ್ಲರೂ ಏಳುವ ಹೊತ್ತಿಗೆ ಹಸೀನಾ ತಿಳಿಸಿದಳು.

ಚಪ್ಪಲಿ ಮೆಟ್ಟುತ್ತಿದ್ದ ಈರಣ್ಣ ತಿರುಗಿ ನಿಂತ.

‘ಮಗಳು ದೊಡ್ಡಾಕಿ ಆಗೂದು ಇನ್ನೂ ಭಾಳ ಐತಲ್ರಿ ಟೀಚರ್. ಮುಂದ ಯಾರನ್ನ ಕೇಳೂಣ್ರಿ?’