ಏಳುನೂರರ ವರ್ನನ್

ನಮ್ಮ ಟೊಲೀಡೊದಲ್ಲಿ ಉಳಿದವರು ಬಿ.ಪಿ. ಹೇಳಿಕೊಳ್ಳುವ ಹಾಗೆ ವರ್ನನ್ ಸ್ಟಕಿ ತನ್ನ ಕ್ರೆಡಿಟ್ ಸ್ಕೋರನ್ನು, ಅಂದರೆ ಸಾಲ ತೀರಿಸುವ ನಿಯತ್ತಿಗೆ ಸಿಗುವ ಅಂಕವನ್ನು, ಕೇಳದವರಿಗೂ ಹೇಳುತ್ತಾನೆ. ಚಾವಣಿ ರಿಪೇರಿಯ ವ್ಯವಹಾರ ಮುಳುಗಿ ದಿವಾಳಿಯಾದ ಮೇಲೆ, ಸಾಲದ ಸಹವಾಸವೇ ಬೇಡವೆಂದು ಎರಡು ವರ್ಷ ಎಲ್ಲಕ್ಕೂ ನಗದನ್ನೇ ಕೊಟ್ಟ, ಸ್ಕೋರು ಕದಲಲಿಲ್ಲ. "ಸಾಲಾನೇ ಮಾಡದೋನನ್ನ ಇಲ್ಲಿ ಯಾವನೂ ನಂಬಲ್ಲ ಕಣಯ್ಯಾ!" ಎಂದು ಹಲ್ಲು ಕಡಿದು, ಬ್ಯಾಂಕಿನಲ್ಲಿ ಇನ್ನೂರು ಡಾಲರ್ ಒತ್ತೆಯಿಟ್ಟು ಅಷ್ಟೇ ಮಿತಿಯ ಕ್ರೆಡಿಟ್ ಕಾರ್ಡು ಪಡೆದ. "ನನ್ನ ದುಡ್ಡು, ನಂಗೇ ಸಾಲ!" ಅಂದಿನಿಂದ ತಿಂಗಳಿಗೊಮ್ಮೆ ಅದರಲ್ಲಿ ಪೆಟ್ರೋಲು ಹಾಕಿಸುತ್ತಾನೆ, ಗಡುವಿಗೆ ಹತ್ತು ದಿನ ಮೊದಲೇ ಕಟ್ಟುತ್ತಾನೆ. ಚರ್ಚಿನಲ್ಲಿ ಎಲ್ಲರೂ "ನಮ್ಮ ಸಾಲಗಳನ್ನು ಮನ್ನಿಸು" ಎಂದು ಪ್ರಾರ್ಥಿಸುವಾಗ, "ನಂದು ಬಿಡು ದೇವ್ರೇ, ಕಟ್ಟಾಯ್ತು" ಎಂದು ಗೊಣಗುತ್ತಾನೆ. ಮೊನ್ನೆ ಸ್ಕೋರು ನಂಬಿಕಸ್ಥರ ಗೆರೆಯಾದ ಏಳುನೂರು ದಾಟಿದ್ದೇ ತಡ, ಮಗಳು ಜನೆಲ್‌ಳನ್ನು ಕರೆದುಕೊಂಡು ಮೂಲೆಯ ಬೇಕರಿಗೆ ಹೋದ. ದಿವಾಳಿಯ ವರ್ಷ, ಅವಳ ಹನ್ನೆರಡನೆಯ ಹುಟ್ಟುಹಬ್ಬಕ್ಕೆ, ಅಲ್ಲಿಯೇ ಅವನ ಕಾರ್ಡು ನಡೆಯದೆ, ಇಡೀ ಕ್ಯೂ ನೋಡುತ್ತಿದ್ದಂತೆ ಆ ಮಗುವೇ ಕೇಕನ್ನು ವಾಪಸು ಇಟ್ಟು ಬಂದಿತ್ತು. ಈಗ ಅಂಥದೇ ಕೇಕು ಆರಿಸಿ, ಇಪ್ಪತ್ತೊಂದರ ಮಗಳ ಕೈಗಿತ್ತು, ಕಾರ್ಡು ಚಾಚಿದ. "ಆಯ್ತು ಸರ್," ಎಂದಳು ಕೌಂಟರಿನ ಹುಡುಗಿ, ಮೆಲ್ಲಗೆ. "ಸ್ವಲ್ಪ ಜೋರಾಗಿ ಹೇಳಮ್ಮಾ," ಎಂದ ವರ್ನನ್, "ಕ್ಯೂನಲ್ಲಿರೋರಿಗೆಲ್ಲ ಕೇಳ್ಲಿ."