ಅತ್ತೆ ಕೇಳಿದ ಕೆಳಗಿನ ಖಾನೆ

ಗೋಡೆಬೀರು ಮಾಡೋ ಕೆಲಸ ನನ್ನದು. ಎಷ್ಟೋ ಮನೆಗಳ ಸಾಮಾನು ಎತ್ತಿಟ್ಟಿದ್ದೇನೆ, ಆದರೆ ಬಿಳಿಗೆರೆಯ ಆ ಮನೆಯಲ್ಲಿ ನಿಜಕ್ಕೂ ಬೆಚ್ಚಿಬಿದ್ದೆ.

ಬೀರು ಕೂರಿಸಲು ಮನೆಯ ಸೊಸೆಯೂ ನಾನೂ ಕೋಣೆ ಖಾಲಿ ಮಾಡುತ್ತಿದ್ದೆವು. ಮಂಚದಡಿಯಿಂದ ಹಳೇ ಟ್ರಂಕು ಎಳೆದಾಗ ತುಕ್ಕು ಹಿಡಿದ ಚಿಲಕ ಕಿತ್ತುಬಂದು ಮುಚ್ಚಳ ತೆರೆದುಕೊಂಡಿತು. ಒಳಗೆ ಹೊಸ ಬಿಳಿ ಬಟ್ಟೆ, ವಿಭೂತಿ ಗಟ್ಟಿ, ಊದುಬತ್ತಿ, ಮಡಿಸಿಟ್ಟ ಸೀರೆ. ಮೇಲೊಂದು ಚೀಟಿ: ‘ನಾನು ಹೋದ ದಿನಕ್ಕೆ.’

“ಅಯ್ಯೋ ಅತ್ತೆ, ಏನಿದು!” ಸೊಸೆ ಅಲ್ಲೇ ಕುಸಿದು ಕೂತರು.

ಜಗಲಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ಅತ್ತೆ ಎದ್ದು ಬಂದರು. “ಯಾಕೆ ಅಳ್ತೀಯೇ? ನಿಮ್ಮ ಮಾವ ಹೋದಾಗ ವಿಭೂತಿಗೆ ಮನೆಯೆಲ್ಲಾ ತಡಕಾಡಿದ್ದು ಮರ್ತ್‌ಬುಟ್ಯಾ? ನಿಂಗೆ ಆ ಪಾಡು ಬ್ಯಾಡ ಅಂತ ಇಟ್ಟಿವ್ನಿ ಕಣೇ.”

ನನ್ನ ಕಡೆ ತಿರುಗಿದರು. “ಈ ಸಾಮಾನಿಗೆ ಅಂತ ಬೀರು ಕೆಳಗಡೆ ಒಂದು ಖಾನೆ ಮಾಡಪ್ಪ. ಮೇಲಿಟ್ರೆ ಅವತ್ತು ಇವಳಿಗೆ ಎಟುಕಲ್ಲ.”

ಅಳತೆ ಟೇಪು ಬಿಚ್ಚುತ್ತಾ, “ಬೀಗ ಹಾಕಲೇನಮ್ಮ?” ಅಂದೆ.

“ಬೀಗ ಯಾಕಪ್ಪ? ಇದನ್ಯಾರು ಕದೀತಾರೆ?”

ಸೊಸೆ ಅತ್ತೆಯ ಕೈ ಹಿಡಿದುಕೊಂಡು ಅಳುತ್ತಲೇ ನಕ್ಕುಬಿಟ್ಟರು. ನನಗೆ ಮಾತ್ರ ಸಂಜೆಯವರೆಗೂ ಒಂದು ಅಳತೆಯೂ ಸರಿ ಬರಲಿಲ್ಲ.